ಸಿಗ್ಮಾ ಕ್ಸೈ ಚುನಾವಣೆ: ಯಾವ ಹುದ್ದೆಗೆ ಎಂಥವರು?

ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿರುವ ಕನ್ನಡಿಗರಲ್ಲಿ ಸಿಗ್ಮಾ ಕ್ಸೈ ಎಂಬ ಸಂಶೋಧಕರ ಗೌರವ ಸಂಘದ ಸದಸ್ಯರಾಗಿರುವವರು ಇದ್ದಾರೆ. ಬಹುತೇಕರ ಕಥೆ ಒಂದೇ ತರಹದ್ದು. ಪಿಎಚ್‌ಡಿ ನಡೆಯುತ್ತಿದ್ದಾಗ ಮಾರ್ಗದರ್ಶಕರು ಹೆಸರು ಸೂಚಿಸುತ್ತಾರೆ, ಪ್ರಮಾಣಪತ್ರ ಬರುತ್ತದೆ, ಸಂಘದ ‘ಅಮೆರಿಕನ್ ಸೈಂಟಿಸ್ಟ್’ ಪತ್ರಿಕೆ ಮನೆಗೆ ಬರತೊಡಗುತ್ತದೆ, ಅಲ್ಲಿಗೆ ಸಂಘದೊಡನೆ ಸಂಬಂಧ ಮುಗಿಯುತ್ತದೆ. ಪದಾಧಿಕಾರಿಗಳ ಚುನಾವಣೆ ಬಂದಾಗ ಒಂದಷ್ಟು ಅಪರಿಚಿತ ಹೆಸರುಗಳು ಎದುರಿಗೆ ನಿಲ್ಲುತ್ತವೆ. ಯಾರ ವಿಶ್ವವಿದ್ಯಾಲಯದ ಹೆಸರು ದೊಡ್ಡದೋ ಅವರಿಗೆ ಒಂದು ಗುರುತು ಹಾಕಿ ಮುಂದಿನ ಇಮೇಲ್‌ಗೆ ಹೋಗುವುದು ಸುಲಭ. ಹಾಗೆ ಹಾಕಿದ ಮತ ಸಂಘಕ್ಕೆ ಒಳ್ಳೆಯದನ್ನು ಮಾಡುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಭ್ಯರ್ಥಿಗಳನ್ನು ಹೋಲಿಸುವ ಮೊದಲು ಹುದ್ದೆಗಳನ್ನು ಹೋಲಿಸಬೇಕು. ಹುದ್ದೆಯ ಕೆಲಸ ಏನೆಂದು ತಿಳಿದರೆ ಯಾರು ಸರಿಹೊಂದುತ್ತಾರೆ ಎಂಬ ಪ್ರಶ್ನೆ ಅರ್ಧ ಬಗೆಹರಿದಂತೆ.

ಗೌರವ ಈಗಾಗಲೇ ಸಿಕ್ಕಿದೆ

ಸಿಗ್ಮಾ ಕ್ಸೈ ಹುಟ್ಟಿದ್ದು 1886ರಲ್ಲಿ, ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ. ಸಾಹಿತ್ಯ, ಮಾನವಿಕ ವಿಷಯಗಳಲ್ಲಿ ಚೆನ್ನಾಗಿ ಓದಿದವರಿಗೆ 1776ರಿಂದಲೇ ಫೈ ಬೀಟಾ ಕಪ್ಪಾ ಎಂಬ ಗೌರವ ಸಂಘವಿತ್ತು. ಎಂಜಿನಿಯರಿಂಗ್ ಮತ್ತು ವಿಜ್ಞಾನದಲ್ಲಿ ಕೆಲಸ ಮಾಡುವವರಿಗೆ ಅದಕ್ಕೆ ಸಮನಾದ ಮನ್ನಣೆ ಇರಲಿಲ್ಲ. ಆ ಕೊರತೆಯನ್ನು ತುಂಬಲು ಒಬ್ಬ ಕಿರಿಯ ಅಧ್ಯಾಪಕರು ಮತ್ತು ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸೇರಿ ಈ ಸಂಘ ಕಟ್ಟಿದರು. ಎರಡೇ ವರ್ಷದಲ್ಲಿ, 1888ರಲ್ಲಿ, ಮಹಿಳೆಯರನ್ನೂ ಸದಸ್ಯರನ್ನಾಗಿ ಸೇರಿಸಿಕೊಂಡರು. ಆ ಕಾಲಕ್ಕೆ ಅದು ಸಣ್ಣ ಹೆಜ್ಜೆಯೇನಲ್ಲ. ಸಂಘದ ತ್ರೈಮಾಸಿಕ 1913ರಲ್ಲಿ ಶುರುವಾಯಿತು. 1942ರಿಂದ ಅದು ‘ಅಮೆರಿಕನ್ ಸೈಂಟಿಸ್ಟ್’ ಎಂಬ ಹೆಸರಿನಲ್ಲಿ ಬರುತ್ತಿದೆ. ವಿದ್ಯಾರ್ಥಿಗಳ ಸಂಶೋಧನೆಗೆ ಸಣ್ಣ ಮೊತ್ತದ ಧನಸಹಾಯ ಕೊಡುವ ಯೋಜನೆ 1922ರದ್ದು. ಇಂದು ಕೇಂದ್ರ ಕಚೇರಿ ಇರುವುದು ನಾರ್ತ್ ಕೆರೊಲಿನಾದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ.

ಇಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದ ಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ. ಈಗಾಗಲೇ ಸದಸ್ಯರಾಗಿರುವವರು ಹೆಸರು ಸೂಚಿಸಬೇಕು. ಪೂರ್ಣ ಸದಸ್ಯತ್ವಕ್ಕೆ ಸ್ವತಂತ್ರ ಸಂಶೋಧನೆಯಲ್ಲಿ ಗಮನಾರ್ಹ ಸಾಧನೆ ಬೇಕು. ಸಹಸದಸ್ಯತ್ವಕ್ಕೆ ಮುಂದೆ ಅಂಥ ಸಾಧನೆ ಮಾಡಬಲ್ಲ ಶಕ್ತಿ ಕಾಣಿಸಿರಬೇಕು. ಇನ್ನೂರಕ್ಕೂ ಹೆಚ್ಚು ನೊಬೆಲ್ ವಿಜೇತರು ಈ ಸಂಘದ ಸದಸ್ಯರಾಗಿದ್ದಾರೆ.

ಇದನ್ನೆಲ್ಲ ಹೇಳಲು ಕಾರಣವಿದೆ. ಮತಪತ್ರದಲ್ಲಿ ಹೆಸರಿರುವ ಪ್ರತಿಯೊಬ್ಬರೂ ಒಳ್ಳೆಯ ಸಂಶೋಧಕರು ಎಂಬುದು ಅವರು ಸದಸ್ಯರಾದ ದಿನವೇ ತೀರ್ಮಾನವಾಗಿದೆ. ಅಭ್ಯರ್ಥಿಯ ಪರಿಚಯದಲ್ಲಿ ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ, ಪ್ರಶಸ್ತಿಗಳ ಸಾಲು ಇವನ್ನೇ ತೂಗಿ ಮತ ಹಾಕಿದರೆ ಒಂದೇ ಅರ್ಹತೆಗೆ ಎರಡು ಸಲ ಅಂಕ ಕೊಟ್ಟಂತೆ. ಚುನಾವಣೆ ನಡೆಯುವುದು ಇನ್ನೊಂದು ಬಿರುದು ಕೊಡಲಿಕ್ಕಲ್ಲ. ಸಭೆ ನಡೆಸಲು, ಲೆಕ್ಕ ನೋಡಲು, ಕ್ಯಾಂಪಸ್ಸುಗಳಲ್ಲಿ ಮಂಕಾಗಿರುವ ಸಂಘದ ಘಟಕಗಳಿಗೆ ಜೀವ ತುಂಬಲು ಜನ ಬೇಕು.

ಅಧ್ಯಕ್ಷ ಪದವಿ: ಮೂರು ವರ್ಷದ ಕೆಲಸ, ಒಂದು ವರ್ಷದ ಅಧಿಕಾರ

ಸದಸ್ಯರು ಆರಿಸುವುದು ನಿಯೋಜಿತ ಅಧ್ಯಕ್ಷರನ್ನು. ಗೆದ್ದವರು ಒಂದು ವರ್ಷ ನಿಯೋಜಿತ ಅಧ್ಯಕ್ಷರಾಗಿ, ಮರುವರ್ಷ ಅಧ್ಯಕ್ಷರಾಗಿ, ಆಮೇಲೆ ಒಂದು ವರ್ಷ ನಿಕಟಪೂರ್ವ ಅಧ್ಯಕ್ಷರಾಗಿ ಕೆಲಸ ಮಾಡುತ್ತಾರೆ. ಹೀಗಾಗಿ ಯಾವಾಗಲೂ ಮೂವರು ಒಂದೇ ಸರಪಳಿಯಲ್ಲಿ ಇರುತ್ತಾರೆ. ನಮ್ಮ ಬೆಂಗಳೂರಿನ ಉದಾಹರಣೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಸಿ.ವಿ. ರಾಮನ್ 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು ಮತ್ತು 1970ರಲ್ಲಿ ತೀರಿಕೊಳ್ಳುವವರೆಗೂ ಅವರೇ ಅದರ ಅಧ್ಯಕ್ಷರಾಗಿದ್ದರು. ಅಷ್ಟು ದೀರ್ಘ ಅವಧಿ ಸಿಕ್ಕವರು ಸಂಸ್ಥೆಯನ್ನು ತಮ್ಮ ಅಚ್ಚಿನಲ್ಲಿ ಎರಕ ಹೊಯ್ಯಬಹುದು. ರಾಮನ್ ಹಾಗೆಯೇ ಮಾಡಿದರು. ಒಂದು ವರ್ಷದ ಅಧ್ಯಕ್ಷರಿಗೆ ಅದು ಆಗದ ಮಾತು.

ಒಂದು ವರ್ಷದಲ್ಲಿ ಆಗುವುದೇನು? ಹಿಂದಿನವರು ಅರ್ಧಕ್ಕೆ ಬಿಟ್ಟಿದ್ದನ್ನು ದಡ ಸೇರಿಸುವುದು, ಒಂದೇ ಒಂದು ಹೊಸ ಕೆಲಸವನ್ನು ಮುಂದಿನವರು ಬಿಟ್ಟುಬಿಡಲಾಗದಷ್ಟು ಬೇರೂರಿಸುವುದು, ವಾರ್ಷಿಕ ಸಭೆಯನ್ನು ಘನತೆಯಿಂದ ನಡೆಸುವುದು, ಸಂಘದ ಪರವಾಗಿ ಹೊರಗೆ ಮಾತನಾಡುವುದು. ಆದ್ದರಿಂದ ಇಬ್ಬರು ಅಭ್ಯರ್ಥಿಗಳಲ್ಲಿ ಒಬ್ಬರು ಏಳೆಂಟು ಭರವಸೆ ಕೊಟ್ಟು, ಇನ್ನೊಬ್ಬರು ಒಂದೋ ಎರಡೋ ಕೆಲಸಗಳನ್ನು ಹೆಸರಿಸಿ ‘ಈಗಾಗಲೇ ನಡೆಯುತ್ತಿರುವ ಇಂಥದ್ದನ್ನು ಮುಗಿಸುತ್ತೇನೆ’ ಎಂದು ಬರೆದಿದ್ದರೆ ನನ್ನ ಮತ ಎರಡನೆಯವರಿಗೆ. ಹಿಂದಿನ ಅಧ್ಯಕ್ಷರ ಕೆಲಸವನ್ನು ಹೊಗಳಿ ಮುಂದುವರಿಸಲು ಸಿದ್ಧರಿರುವುದು ಈ ಹುದ್ದೆಗೆ ದೊಡ್ಡ ಗುಣ. ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತೇನೆ ಎನ್ನುವವರು ಮೂರು ವರ್ಷದ ಸರಪಳಿಯಲ್ಲಿ ಒಂದು ಕೊಂಡಿಯನ್ನು ಸಡಿಲಗೊಳಿಸುತ್ತಾರೆ.

ದೊಡ್ಡ ಹೆಸರೋ, ಘಟಕದ ದುಡಿಮೆಯೋ?

ಮತದಾರರನ್ನು ನಿಜವಾಗಿ ಕಾಡುವ ಹೋಲಿಕೆ ಇದು. ಒಂದು ಕಡೆ ದೇಶವೆಲ್ಲ ಬಲ್ಲ ವಿಜ್ಞಾನಿ, ಇನ್ನೊಂದು ಕಡೆ ತಮ್ಮ ಕ್ಯಾಂಪಸ್ಸಿನ ಘಟಕವನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದ ಪ್ರಾಧ್ಯಾಪಕಿ.

ಇತ್ತೀಚಿನ ವರ್ಷಗಳಲ್ಲಿ ಅಧ್ಯಕ್ಷರಾದವರನ್ನೇ ನೋಡಿದರೆ ಎಷ್ಟು ಬಗೆಯವರು ಈ ಕುರ್ಚಿಯಲ್ಲಿ ಕುಳಿತಿದ್ದಾರೆ ಎಂಬುದು ತಿಳಿಯುತ್ತದೆ. ಜೋಯೆಲ್ ಪ್ರೈಮಾಕ್ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಝ್‌ನ ವಿಶ್ವವಿಜ್ಞಾನಿ. ವಿಶ್ವದಲ್ಲಿ ಕಣ್ಣಿಗೆ ಕಾಣದೆ ಗುರುತ್ವದಿಂದ ಮಾತ್ರ ಅರಿವಿಗೆ ಬರುವ ‘ಶೀತಲ ಕಪ್ಪುದ್ರವ್ಯ’ದ ಸಿದ್ಧಾಂತವನ್ನು ರೂಪಿಸಿದವರಲ್ಲಿ ಒಬ್ಬರು. ಆದರೆ ಅವರ ಬದುಕಿನಲ್ಲಿ ಇನ್ನೊಂದು ಎಳೆಯೂ ಇದೆ: ವಿಜ್ಞಾನಿಗಳು ಅಮೆರಿಕದ ಸಂಸತ್ತಿನ ಕಚೇರಿಗಳಲ್ಲಿ ಒಂದು ವರ್ಷ ಕೆಲಸ ಮಾಡುವ ಫೆಲೋಶಿಪ್ 1973ರಲ್ಲಿ ಶುರುವಾಗಲು ಕಾರಣರಾದವರಲ್ಲಿ ಅವರೂ ಇದ್ದಾರೆ. ಜೆರಾಲ್ಡಿನ್ ರಿಚ್ಮಂಡ್ ಆರೆಗನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞೆ. ಮಹಿಳಾ ವಿಜ್ಞಾನಿಗಳಿಗೆ ವೃತ್ತಿಯಲ್ಲಿ ಮುಂದೆ ಬರಲು ತರಬೇತಿ ಕೊಡುವ ‘ಕೋಚ್’ ಎಂಬ ಸಂಘಟನೆಯ ಸಂಸ್ಥಾಪಕಿಯರಲ್ಲಿ ಒಬ್ಬರು, ಆಮೇಲೆ ಅಮೆರಿಕದ ಇಂಧನ ಇಲಾಖೆಯಲ್ಲಿ ಉನ್ನತ ಹುದ್ದೆಗೆ ಹೋದವರು. ಸೋನ್ಯಾ ಸ್ಮಿತ್ ಕಪ್ಪು ವಿದ್ಯಾರ್ಥಿಗಳಿಗಾಗಿ ಹುಟ್ಟಿದ ಐತಿಹಾಸಿಕ ಸಂಸ್ಥೆಯಾದ ಹೋವರ್ಡ್ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿ. ರಾಬರ್ಟ್ ಪೆನ್ನಾಕ್ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವಿಜ್ಞಾನ ತತ್ತ್ವಶಾಸ್ತ್ರಜ್ಞರು. ಪೆನ್ಸಿಲ್ವೇನಿಯಾದ ಡೋವರ್ ಶಾಲೆಗಳಲ್ಲಿ ಜೀವವಿಕಾಸದ ಪಾಠದ ಕುರಿತು 2005ರಲ್ಲಿ ನಡೆದ ಮೊಕದ್ದಮೆಯಲ್ಲಿ ವಿಜ್ಞಾನದ ಪರವಾಗಿ ತಜ್ಞ ಸಾಕ್ಷಿ ಹೇಳಿದವರು. ನಿಕೊಲಸ್ ಪೆಪ್ಪಸ್ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಜೈವಿಕ ವಸ್ತುಗಳ ಮೇಲೆ, ಔಷಧವನ್ನು ದೇಹದಲ್ಲಿ ಬೇಕಾದ ಕಡೆ ತಲುಪಿಸುವ ವಿಧಾನಗಳ ಮೇಲೆ ಕೆಲಸ ಮಾಡಿದ ಎಂಜಿನಿಯರ್.

ಇವರ ಹೆಸರು ದೊಡ್ಡದು, ನಿಜ. ನನ್ನ ಗಮನ ಸೆಳೆಯುವುದು ಪ್ರೈಮಾಕ್, ರಿಚ್ಮಂಡ್, ಪೆನ್ನಾಕ್ ಈ ಮೂವರಲ್ಲಿ ಕಾಣುವ ಒಂದು ಸಮಾನ ಅಂಶ: ಪ್ರಯೋಗಾಲಯ ಅಥವಾ ಓದುಕೋಣೆಯ ಆಚೆ, ತಮಗೆ ನೇರ ಲಾಭವಿಲ್ಲದ ಒಂದು ಕೆಲಸಕ್ಕೆ ಅವರು ಮೊದಲೇ ಹೆಗಲು ಕೊಟ್ಟಿದ್ದರು. ಸಂಸತ್ತಿನ ಫೆಲೋಶಿಪ್ ಇರಬಹುದು, ಮಹಿಳೆಯರ ತರಬೇತಿ ಇರಬಹುದು, ನ್ಯಾಯಾಲಯದ ಸಾಕ್ಷಿ ಇರಬಹುದು. ಪ್ರಸಿದ್ಧ ಅಭ್ಯರ್ಥಿಯನ್ನು ಅಳೆಯಲು ನಾನು ಬಳಸುವ ಅಳತೆಗೋಲು ಇದೇ. ಪ್ರಶಸ್ತಿಗಳ ಪಟ್ಟಿಯನ್ನು ಪಕ್ಕಕ್ಕಿಟ್ಟ ಮೇಲೆ ಉಳಿಯುವುದು ಏನು? ಇತರರಿಗಾಗಿ ಕಟ್ಟಿದ ಒಂದು ಸಂಸ್ಥೆ, ಒಂದು ಕಾರ್ಯಕ್ರಮ, ಒಂದು ನಿಲುವು ಉಳಿದರೆ ಆ ಪ್ರಸಿದ್ಧಿ ಸಂಘಕ್ಕೆ ಉಪಯುಕ್ತ. ಅಂಥವರ ಮಾತಿಗೆ ವಾಷಿಂಗ್ಟನ್‌ನಲ್ಲಿ ಕಿವಿಗೊಡುತ್ತಾರೆ, ಪತ್ರಿಕೆಗಳು ಅವರಿಗೆ ಜಾಗ ಕೊಡುತ್ತವೆ. ಏನೂ ಉಳಿಯದಿದ್ದರೆ ಆ ಹೆಸರು ಲೆಟರ್‌ಹೆಡ್ಡಿನ ಮೇಲೆ ಮಾತ್ರ ಹೊಳೆಯುತ್ತದೆ.

ಘಟಕದಿಂದ ಬಂದವರ ಬಲ ಬೇರೆ. ಸಿಗ್ಮಾ ಕ್ಸೈ ನಿಂತಿರುವುದು ಕ್ಯಾಂಪಸ್ಸುಗಳಲ್ಲಿ, ಪ್ರಯೋಗಾಲಯಗಳಲ್ಲಿ ಇರುವ ಘಟಕಗಳ ಮೇಲೆ. ಹೊಸ ಸದಸ್ಯರನ್ನು ಹುಡುಕಿ ಸೇರಿಸುವುದು, ಪದಗ್ರಹಣ ಸಮಾರಂಭ ನಡೆಸುವುದು, ವಾರ್ಷಿಕ ವರದಿ ಕಳಿಸುವುದು, ಪ್ರತಿನಿಧಿಗಳ ಸಭೆಗೆ ಒಬ್ಬರನ್ನು ಕಳಿಸುವುದು ಎಲ್ಲವೂ ಘಟಕದ ಕೆಲಸ, ಎಲ್ಲವೂ ಸಂಬಳವಿಲ್ಲದ ಕೆಲಸ. ಒಬ್ಬ ಕಾರ್ಯದರ್ಶಿ ನಿವೃತ್ತರಾದರೆ ಅಥವಾ ಬೇರೆ ಊರಿಗೆ ಹೋದರೆ ಘಟಕ ಸದ್ದಿಲ್ಲದೆ ಮಲಗಿಬಿಡುತ್ತದೆ. ಮಲಗಿದ್ದ ಘಟಕವನ್ನು ಎಬ್ಬಿಸಿದವರಿಗೆ ಗೊತ್ತಿರುವ ಸಂಗತಿಗಳು ಬೇರೆ ಯಾರಿಗೂ ಗೊತ್ತಿರುವುದಿಲ್ಲ: ಕಿರಿಯ ಅಧ್ಯಾಪಕರು ಯಾಕೆ ಶುಲ್ಕ ನವೀಕರಿಸುವುದಿಲ್ಲ, ಡೀನರ ಕಚೇರಿಯಿಂದ ಸಭಾಂಗಣ ಪಡೆಯುವುದು ಹೇಗೆ, ವಿದ್ಯಾರ್ಥಿಗಳ ಪೋಸ್ಟರ್ ಪ್ರದರ್ಶನಕ್ಕೆ ತೀರ್ಪುಗಾರರು ಎಲ್ಲಿ ಸಿಗುತ್ತಾರೆ.

ಇಬ್ಬರೂ ಸಮಾನವಾಗಿ ಕಂಡರೆ ನಾನು ಘಟಕದವರ ಕಡೆಗೇ ವಾಲುತ್ತೇನೆ. ಸದಸ್ಯರ ಸಂಖ್ಯೆಯನ್ನು ಕಾಪಾಡಿಕೊಳ್ಳುವುದು ಇಂದು ಎಲ್ಲ ವೈಜ್ಞಾನಿಕ ಸಂಘಗಳಿಗೂ ಕಷ್ಟವಾಗಿದೆ. ಸಾಮಾನ್ಯ ಜ್ಞಾನಕ್ಕೆ ಪತ್ರಿಕೆ ಬೇಕೆಂದರೆ ಅಂತರ್ಜಾಲವಿದೆ, ಸಮ್ಮೇಳನ ಬೇಕೆಂದರೆ ಪ್ರತಿ ವಿಷಯಕ್ಕೂ ಬೇರೆ ಬೇರೆ ಸಂಘಗಳಿವೆ. ಎಲ್ಲ ವಿಜ್ಞಾನ ಶಾಖೆಗಳೂ ಒಂದೇ ಕೋಣೆಯಲ್ಲಿ ಸೇರುವ ಸಂಘ ಯಾಕೆ ಬೇಕು ಎಂಬುದನ್ನು ಕ್ಯಾಂಪಸ್ಸಿನಲ್ಲಿ ಮುಖಾಮುಖಿ ವಿವರಿಸಿ ಗೆದ್ದವರ ಅನುಭವ ಈ ಹೊತ್ತಿಗೆ ಹೆಚ್ಚು ಬೆಲೆಯದು. ಇದಕ್ಕೆ ಒಂದು ಅಪವಾದ ಒಪ್ಪುತ್ತೇನೆ. ಸಂಶೋಧನೆಯ ಅನುದಾನಕ್ಕೆ ಕತ್ತರಿ ಬೀಳುವ, ವಿಜ್ಞಾನದ ಮಾತಿಗೆ ರಾಜಕೀಯದಲ್ಲಿ ಬೆಲೆ ಇಲ್ಲದಾಗುವ ವರ್ಷಗಳಲ್ಲಿ ಗಟ್ಟಿ ದನಿಯ, ಪರಿಚಿತ ಮುಖದ ಅಧ್ಯಕ್ಷರು ಬೇಕಾಗುತ್ತಾರೆ.

ಖಜಾಂಚಿ: ಇಲ್ಲಿ ಅಳತೆ ಬೇರೆ

ಈ ಹುದ್ದೆಗೆ ಉತ್ಸಾಹಕ್ಕಿಂತ ತಾಳ್ಮೆ ಮುಖ್ಯ. ಸದಸ್ಯತ್ವ ಶುಲ್ಕ, ಪತ್ರಿಕೆಯ ಚಂದಾ ಮತ್ತು ಮುದ್ರಣ ವೆಚ್ಚ, ದತ್ತಿ ನಿಧಿಯ ಹೂಡಿಕೆ, ವಿದ್ಯಾರ್ಥಿಗಳ ಧನಸಹಾಯ ಇವುಗಳ ನಡುವೆ ಸಮತೋಲ ಕಾಯಬೇಕು. ಷೇರು ಮಾರುಕಟ್ಟೆ ಏರಿದ ವರ್ಷ ದತ್ತಿಯಿಂದ ಧಾರಾಳವಾಗಿ ತೆಗೆಯಬೇಡಿ ಎಂದು ಹೇಳುವ ಧೈರ್ಯ ಇರಬೇಕು. ವಿಭಾಗದ ಮುಖ್ಯಸ್ಥರಾಗಿ, ದೊಡ್ಡ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿ ಬಜೆಟ್ ನಿಭಾಯಿಸಿದ ಅಭ್ಯರ್ಥಿಗೂ ‘ಸಂಘದ ಬಗ್ಗೆ ನನಗೆ ಅಪಾರ ಪ್ರೀತಿ’ ಎನ್ನುವ ಅಭ್ಯರ್ಥಿಗೂ ನಡುವೆ ಆಯ್ಕೆ ಬಂದರೆ ಯೋಚಿಸಲು ಹೆಚ್ಚೇನಿಲ್ಲ.

ಒಂದು ಕೆಲಸ ಮಾತ್ರ ಮತದಾರರು ತಾವೇ ಮಾಡಬೇಕು. ಅಮೆರಿಕದ ಲಾಭರಹಿತ ಸಂಸ್ಥೆಗಳು ತೆರಿಗೆ ಇಲಾಖೆಗೆ ಪ್ರತಿ ವರ್ಷ ಸಲ್ಲಿಸುವ ನಮೂನೆ 990 ಸಾರ್ವಜನಿಕ ದಾಖಲೆ. ಆದಾಯ, ವೆಚ್ಚ, ಆಸ್ತಿ, ಉನ್ನತ ನೌಕರರ ಸಂಬಳ ಎಲ್ಲವೂ ಅದರಲ್ಲಿ ಇರುತ್ತವೆ. ಎರಡು ಮೂರು ವರ್ಷಗಳ ನಮೂನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಖಜಾಂಚಿ ಅಭ್ಯರ್ಥಿಗಳ ಹೇಳಿಕೆ ಓದಿ. ಸಂಘದ ನಿಜವಾದ ಹಣಕಾಸಿನ ಸ್ಥಿತಿಯನ್ನು ಯಾರು ಓದಿಕೊಂಡಿದ್ದಾರೆ, ಯಾರು ಓದಿಲ್ಲ ಎಂಬುದು ತಕ್ಷಣ ಕಾಣಿಸುತ್ತದೆ.

ನಿರ್ದೇಶಕರು: ಊರು ಮತ್ತು ಕಸುಬು

ನಿರ್ದೇಶಕ ಮಂಡಳಿಯ ಸ್ಥಾನಗಳು ಎರಡು ಬಗೆಯವು. ಕೆಲವು ಭೂಪ್ರದೇಶಕ್ಕೆ ಸೇರಿದ್ದು: ಈಶಾನ್ಯ, ಆಗ್ನೇಯ, ನೈಋತ್ಯ ಹೀಗೆ. ಇನ್ನು ಕೆಲವು ಸಂಸ್ಥೆಗಳ ಬಗೆಗೆ ಸೇರಿದ್ದು: ಪಿಎಚ್‌ಡಿ ಕೊಡುವ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳು, ಮಧ್ಯಮ ಗಾತ್ರದ ವಿಶ್ವವಿದ್ಯಾಲಯಗಳು, ಪದವಿ ಮಾತ್ರ ಕೊಡುವ ಕಾಲೇಜುಗಳು, ಕೈಗಾರಿಕೆ ಮತ್ತು ಸರ್ಕಾರಿ ಪ್ರಯೋಗಾಲಯಗಳು, ಕೆನಡಾ ಮತ್ತು ಇತರ ದೇಶಗಳ ಘಟಕಗಳು.

ಪದವಿ ಕಾಲೇಜುಗಳ ಸ್ಥಾನಕ್ಕೆ ಬಂದಾಗ ನನಗೆ ಕಾಳಜಿ ಹೆಚ್ಚು. ಅಲ್ಲಿನ ಅಧ್ಯಾಪಕರು ಹೆಚ್ಚು ತರಗತಿಗಳನ್ನು ತೆಗೆದುಕೊಳ್ಳುತ್ತಾರೆ, ಪಿಎಚ್‌ಡಿ ವಿದ್ಯಾರ್ಥಿಗಳ ನೆರವಿಲ್ಲದೆ ಹತ್ತೊಂಬತ್ತು ಇಪ್ಪತ್ತು ವರ್ಷದ ಮಕ್ಕಳ ಜೊತೆ ಸಂಶೋಧನೆ ನಡೆಸುತ್ತಾರೆ. ಒಂದು ಹೊಳೆಯ ಕಪ್ಪೆಗಳನ್ನೋ, ಒಂದು ರಾಸಾಯನಿಕ ಕ್ರಿಯೆಯನ್ನೋ ಹಿಡಿದು ಆ ಮಕ್ಕಳು ಮೊದಲ ಬಾರಿ ‘ನಮಗೆ ಗೊತ್ತಿರದ ಒಂದು ಸಂಗತಿ’ಯನ್ನು ಕಂಡುಕೊಳ್ಳುವುದು ಅಲ್ಲಿ. ಈ ಸ್ಥಾನಕ್ಕೆ ನಿಂತವರು ಕಳೆದ ಕೆಲವು ವರ್ಷಗಳಲ್ಲಿ ಪದವಿ ವಿದ್ಯಾರ್ಥಿಗಳ ಜೊತೆ ಏನು ಮಾಡಿದ್ದಾರೆ ಎಂದು ಹೆಸರು ಹಿಡಿದು ಹೇಳಬೇಕು. ಹೇಳದಿದ್ದರೆ ನಾನು ಮುಂದಿನ ಹೆಸರಿಗೆ ಹೋಗುತ್ತೇನೆ.

ಕೈಗಾರಿಕೆಯ ಸ್ಥಾನದ ಅಭ್ಯರ್ಥಿಗಳನ್ನು ಹೋಲಿಸುವಾಗ ಒಂದೇ ಪ್ರಶ್ನೆ ಸಾಕು: ಅವರ ಕಂಪನಿ ಈ ಕೆಲಸಕ್ಕೆ ಸಮಯ ಕೊಡುತ್ತದೆಯೇ? ಬೋರ್ಡಿನ ಸಭೆಗೆ ಬರಲಾಗದ ನಿರ್ದೇಶಕರಿಂದ ಆ ವಲಯಕ್ಕೆ ಏನೂ ದಕ್ಕುವುದಿಲ್ಲ.

ಹೇಳಿಕೆಗಳನ್ನು ಓದುವ ಬಗೆ

ಅಭ್ಯರ್ಥಿಗಳ ಹೇಳಿಕೆಗಳು ಮೇಲ್ನೋಟಕ್ಕೆ ಒಂದೇ ಥರ ಇರುತ್ತವೆ. ಯುವಜನರನ್ನು ಸೆಳೆಯುತ್ತೇನೆ, ವೈವಿಧ್ಯ ಹೆಚ್ಚಿಸುತ್ತೇನೆ, ವಿಜ್ಞಾನವನ್ನು ಜನರ ಬಳಿಗೆ ಒಯ್ಯುತ್ತೇನೆ. ಇವನ್ನು ಯಾರು ಬೇಡವೆನ್ನುತ್ತಾರೆ? ಎಲ್ಲರೂ ಒಪ್ಪುವ ವಾಕ್ಯದಿಂದ ಇಬ್ಬರನ್ನು ಬೇರ್ಪಡಿಸಲಾಗುವುದಿಲ್ಲ. ಹೋಲಿಸಬೇಕಾದದ್ದು ಯಾರೋ ಒಬ್ಬರು ವಿರೋಧಿಸಬಹುದಾದ ವಾಕ್ಯಗಳನ್ನು.

ವಿದ್ಯಾರ್ಥಿ ಧನಸಹಾಯದ ವಿಚಾರ ಇದಕ್ಕೆ ಒಳ್ಳೆಯ ಒರೆಗಲ್ಲು. ಬಹುಕಾಲ ಆ ನೆರವಿನ ಸಾಮಾನ್ಯ ಮಿತಿ 1,000 ಡಾಲರ್ ಆಗಿತ್ತು. ಖಗೋಳಶಾಸ್ತ್ರದಂಥ ಕೆಲವು ಕ್ಷೇತ್ರಗಳಿಗೆ ಅದಕ್ಕಿಂತ ಹೆಚ್ಚು. ಹಣದ ದೊಡ್ಡ ಪಾಲು ಶುಲ್ಕ ಕಟ್ಟಿದ ಸದಸ್ಯರಿಗೆ ಅಥವಾ ಶುಲ್ಕ ಕಟ್ಟಿದ ಸದಸ್ಯರ ವಿದ್ಯಾರ್ಥಿಗಳಿಗೆ ಮೀಸಲು. ಸಾವಿರ ಡಾಲರ್ ಅಂದರೆ ಒಂದು ಬೇಸಿಗೆಯ ಕ್ಷೇತ್ರಕಾರ್ಯಕ್ಕೆ ಪ್ರಯಾಣದ ಖರ್ಚು, ಇಲ್ಲವೇ ಕೆಲವು ರಾಸಾಯನಿಕಗಳು. ದೊಡ್ಡ ಅನುದಾನವಿರುವ ಪ್ರಯೋಗಾಲಯಕ್ಕೆ ಅದು ಗಮನಕ್ಕೂ ಬರುವುದಿಲ್ಲ. ಅನುದಾನವೇ ಇಲ್ಲದ ಕಡೆ ಒಬ್ಬ ವಿದ್ಯಾರ್ಥಿನಿಯ ಇಡೀ ಯೋಜನೆ ಅದರಿಂದಲೇ ನಡೆಯುತ್ತದೆ. ಇಲ್ಲಿ ನಿಜವಾದ ಆಯ್ಕೆಗಳಿವೆ. ಹೆಚ್ಚು ಜನರಿಗೆ ಕಡಿಮೆ ಹಣವೋ, ಕಡಿಮೆ ಜನರಿಗೆ ಹೆಚ್ಚು ಹಣವೋ? ಸದಸ್ಯರಿಗೆ ಆದ್ಯತೆ ಉಳಿಯಬೇಕೋ, ಎಲ್ಲರಿಗೂ ಸಮವಾಗಿ ತೆರೆಯಬೇಕೋ? ಆದ್ಯತೆ ತೆಗೆದರೆ ಶುಲ್ಕ ಕಟ್ಟಲು ಇರುವ ಒಂದು ಕಾರಣ ಹೋಗುತ್ತದೆ; ಇಟ್ಟರೆ ಘಟಕವೇ ಇಲ್ಲದ ಸಣ್ಣ ಕಾಲೇಜಿನ ವಿದ್ಯಾರ್ಥಿ ಹೊರಗುಳಿಯುತ್ತಾನೆ. ನನ್ನ ಒಲವು ಹೆಚ್ಚು ಜನರಿಗೆ ಕಡಿಮೆ ಹಣ ಎಂಬುದರ ಕಡೆಗೆ, ಮತ್ತು ಆದ್ಯತೆಯನ್ನು ಸ್ವಲ್ಪ ಸಡಿಲಿಸುವುದರ ಕಡೆಗೆ. ನಿಮ್ಮದು ಬೇರೆ ಇರಬಹುದು. ಆದರೆ ಈ ಬಗ್ಗೆ ಒಂದು ಸ್ಪಷ್ಟ ವಾಕ್ಯ ಬರೆದ ಅಭ್ಯರ್ಥಿಯನ್ನು, ನಿಲುವು ನನಗೆ ಒಪ್ಪಿಗೆಯಾಗದಿದ್ದರೂ, ನಾನು ಗೌರವದಿಂದ ಪರಿಗಣಿಸುತ್ತೇನೆ.

ಸಾರ್ವಜನಿಕ ನಿಲುವಿನ ಪ್ರಶ್ನೆಯೂ ಹೀಗೆಯೇ. ತೆರಿಗೆ ವಿನಾಯಿತಿ ಇರುವ ಇಂಥ ಸಂಸ್ಥೆಗಳು ಚುನಾವಣೆಯಲ್ಲಿ ಯಾವುದೇ ರಾಜಕಾರಣಿಯ ಪರ ಅಥವಾ ವಿರುದ್ಧ ಪ್ರಚಾರ ಮಾಡುವಂತಿಲ್ಲ. ಲಸಿಕೆ, ಹವಾಮಾನ, ಜೀವವಿಕಾಸದ ಪಾಠ ಇಂಥ ವಿಷಯಗಳ ಮೇಲೆ ಮಾತನಾಡಲು ಅಡ್ಡಿಯಿಲ್ಲ. ಮಾತನಾಡಬೇಕೇ, ಎಷ್ಟು, ಯಾರ ಒಪ್ಪಿಗೆ ಪಡೆದು ಎಂಬುದರಲ್ಲಿ ಅಭ್ಯರ್ಥಿಗಳು ಬೇರೆ ಬೇರೆಯಾಗುತ್ತಾರೆ. ಹೇಳಿಕೆಯಲ್ಲಿ ಉತ್ತರವಿಲ್ಲದಿದ್ದರೆ ಇಮೇಲ್ ಬರೆದು ಕೇಳಿ. ಎರಡು ಸಾಲಿನ ಪ್ರಶ್ನೆಗೆ ಯಾರು ಉತ್ತರಿಸುತ್ತಾರೆ, ಹೇಗೆ ಉತ್ತರಿಸುತ್ತಾರೆ ಎಂಬುದೇ ಅವರು ಗೆದ್ದ ಮೇಲೆ ಸದಸ್ಯರ ಜೊತೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಮೊದಲ ಸೂಚನೆ.

ನಮ್ಮವರ ಹೆಸರು ಕಂಡಾಗ

ಮತಪತ್ರದಲ್ಲಿ ಒಂದು ಭಾರತೀಯ ಹೆಸರು, ಅದರಲ್ಲೂ ನಮ್ಮ ಕಡೆಯ ಮನೆತನದ ಹೆಸರು ಕಂಡರೆ ಮನಸ್ಸು ಅರಳುತ್ತದೆ. ಅದು ಸಹಜ, ಅದಕ್ಕೆ ನಾಚಬೇಕಿಲ್ಲ. ಹೊರದೇಶದಿಂದ ಬಂದು ಸಂಶೋಧನೆ ಕಟ್ಟಿಕೊಂಡವರಿಗೆ ವೀಸಾದ ತಾಪತ್ರಯ, ಪರಕೀಯತೆ, ಮೊದಲ ಶಿಫಾರಸು ಪತ್ರ ಬರೆಯುವವರನ್ನು ಹುಡುಕುವ ಕಷ್ಟ ಎಲ್ಲವೂ ಗೊತ್ತಿರುತ್ತದೆ. ವಿದೇಶಿ ವಿದ್ಯಾರ್ಥಿಗಳನ್ನು ಸಂಘಕ್ಕೆ ತರಲು ಆ ಅನುಭವ ನೆರವಾಗುತ್ತದೆ. ಆದರೂ ಅವರಿಗೂ ಅದೇ ಪ್ರಶ್ನೆಗಳನ್ನು ಕೇಳಿ: ಘಟಕದಲ್ಲಿ ಏನು ಮಾಡಿದ್ದೀರಿ, ಈ ಹುದ್ದೆಯಲ್ಲಿ ಯಾವ ಒಂದು ಕೆಲಸ ಮುಗಿಸುತ್ತೀರಿ, ಸಭೆಗಳಿಗೆ ಸಮಯವಿದೆಯೇ? ಸರಿಯಾದ ಉತ್ತರ ಬಂದರೆ ಸಂತೋಷದಿಂದ ಮತ ಹಾಕಿ, ನಿಮ್ಮ ಘಟಕದ ಸಹೋದ್ಯೋಗಿಗಳಿಗೂ ತಿಳಿಸಿ.

ಇಬ್ಬರೂ ಸಮ ಎನಿಸಿದರೆ

ಎಲ್ಲವನ್ನೂ ಓದಿದ ಮೇಲೂ ತೀರ್ಮಾನಕ್ಕೆ ಬರಲಾಗದ ಸಂದರ್ಭಗಳಿವೆ. ಆಗ ಅಭ್ಯರ್ಥಿಗಳನ್ನು ಬಿಟ್ಟು ಮಂಡಳಿಯನ್ನು ನೋಡಿ. ಈಗ ಅಧಿಕಾರದಲ್ಲಿರುವವರ ಪಟ್ಟಿ ಸಂಘದ ಜಾಲತಾಣದಲ್ಲಿದೆ. ಅಧ್ಯಕ್ಷರು, ನಿಕಟಪೂರ್ವ ಅಧ್ಯಕ್ಷರು ಇಬ್ಬರೂ ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯದವರಾಗಿದ್ದರೆ ಸಣ್ಣ ಕಾಲೇಜಿನಿಂದ ಅಥವಾ ರಾಷ್ಟ್ರೀಯ ಪ್ರಯೋಗಾಲಯದಿಂದ ಬಂದವರಿಗೆ ಮತ ಹಾಕಿ. ಮಂಡಳಿಯಲ್ಲಿ ಜೀವವಿಜ್ಞಾನಿಗಳೇ ತುಂಬಿದ್ದರೆ ಭೂವಿಜ್ಞಾನಿಯನ್ನೋ ಗಣಿತಜ್ಞರನ್ನೋ ಸೇರಿಸಿ. ನಿರ್ದೇಶಕ ಸ್ಥಾನಕ್ಕಾದರೆ ನಿಮ್ಮ ವಲಯದಲ್ಲಿ ಬಹುಕಾಲದಿಂದ ಯಾರನ್ನೂ ಕಳಿಸದ ಘಟಕ ಯಾವುದೆಂದು ವಿಚಾರಿಸಿ, ಆ ಘಟಕದಿಂದ ನಿಂತವರಿಗೆ ಅವಕಾಶ ಕೊಡಿ.